ಹಳದಿ ಬೋಯಾಕ್ಕೆ ಹಗ್ಗ ಕಟ್ಟಬೇಡಿ

ಕೇಳುಗರಿಗೆ ನಮಸ್ಕಾರ. ಮಲ್ಪೆ, ಗಂಗೊಳ್ಳಿ, ಕಾರವಾರದ ದಕ್ಕೆಯಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾ ರೇಡಿಯೊ ಕೇಳುತ್ತಿರುವವರಿಗೆ ಇನ್ನೊಂದು ನಮಸ್ಕಾರ. ಇವತ್ತಿನ ಮಾತು ನಿಮಗೇ.

ನನಗೆ ಕೊಟ್ಟ ವಿಷಯ ದೊಡ್ಡದು. ಕಡಲಿನ ಸಂಶೋಧನೆ, ಹಡಗಿನ ಎಣ್ಣೆ, ಮೀನುಗಾರರ ಸುರಕ್ಷತೆ. ಆದರೆ ನಾನು ಹೇಳುವುದು ಒಂದೇ ಮಾತು. ಆಳಸಮುದ್ರದಲ್ಲಿ ಹಳದಿ ಬಣ್ಣದ ಬೋಯಾ ಕಂಡರೆ ಅದಕ್ಕೆ ಬೋಟು ಕಟ್ಟಬೇಡಿ.

ಅದು ಸುಮ್ನೆ ತೇಲುವ ಡಬ್ಬಿ ಅಲ್ಲ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಲಂಗರು ಹಾಕಿ ನಿಲ್ಲಿಸಿದ ಯಂತ್ರ. ಗಾಳಿ, ಅಲೆ, ನೀರಿನ ಬಿಸಿ ಎಲ್ಲ ಅಳೆದು ಉಪಗ್ರಹದ ಮೂಲಕ ದಡಕ್ಕೆ ಕಳಿಸುತ್ತದೆ. ಹವಾಮಾನದ ಮುನ್ಸೂಚನೆಗೆ ಈ ಲೆಕ್ಕ ಬೇಕು.

ಕೆಲವು ವರ್ಷಗಳ ಹಿಂದೆ ಒಬ್ಬ ತಂಡೇಲರ, ಅಂದರೆ ಬೋಟು ನಡೆಸುವವರ, ಬೋಟು ಹತ್ತಿದ್ದೆ. ಚಹಾ ಕೊಟ್ಟರು. ಕ್ಯಾಬಿನ್ ಮೇಲೆ ಒಂದು ಸೋಲಾರ್ ಪ್ಯಾನೆಲ್ ಇತ್ತು, ಅಂಚಿನಲ್ಲಿ ಹಳದಿ ಪೇಂಟ್. ನನಗೆ ಗುರುತು ಸಿಕ್ಕಿತು. "ಇದೆಲ್ಲಿಂದ ಬಂತು?" ಅಂದೆ.

"ಕಡಲು ಕೊಟ್ಟದ್ದು ಮಾಷ್ಟ್ರೇ" ಅಂದರು.

ಎರಡನೇ ಲೋಟ ಚಹಾಕ್ಕೆ ಪೂರ್ತಿ ಕತೆ ಹೊರಗೆ ಬಂತು. ಬೋಯಾದ ಅಡಿಯಲ್ಲಿ ಪಾಚಿ ಕಟ್ಟುತ್ತದೆ. ನೆರಳಿಗೆ ಸಣ್ಣ ಮೀನು ಸೇರುತ್ತವೆ, ಅದನ್ನು ತಿನ್ನಲು ಕೇದರ, ಅಂದರೆ ಟ್ಯೂನಾ ಮೀನು, ಬರುತ್ತದೆ. ಬೋಟನ್ನು ಬೋಯಾಕ್ಕೆ ಬಿಗಿದು ಗಾಳ ಬಿಟ್ಟರೆ ಡೀಸೆಲ್ ಉಳಿಯಿತು, ಮೀನೂ ಸಿಕ್ಕಿತು. ಆ ರಾತ್ರಿ ಗಾಳಿ ತಿರುಗಿ ಬೋಟು ಎಳೆಯಿತು, ಬೋಯಾದ ಲಂಗರು ಕಿತ್ತುಹೋಯಿತು. "ಹೇಗೂ ಹಾಳಾಯ್ತಲ್ಲ" ಅಂತ ಪ್ಯಾನೆಲ್ ಬಿಚ್ಚಿಕೊಂಡರು.

ಇಷ್ಟು ಹೇಳಿ ಅದೇ ಉಸಿರಲ್ಲಿ ನನ್ನನ್ನೇ ಬೈದರು. "ನಿಮ್ಮ ಹವಾಮಾನದವರು ಹೇಳಿದ್ದು ಒಂದೂ ಸರಿ ಬರುವುದಿಲ್ಲ ಮಾರಾಯ್ರೆ!" ಅವರ ಮೊಬೈಲ್ ಆಗ ಆ ಪ್ಯಾನೆಲ್‌ನಿಂದಲೇ ಚಾರ್ಜ್ ಆಗುತ್ತಿತ್ತು.

ಉಪಗ್ರಹ ಇದೆಯಲ್ಲ, ಬೋಯಾ ಯಾಕೆ ಅಂತ ನೀವು ಕೇಳಬಹುದು. ಕುಚ್ಚಲಕ್ಕಿ ಗಂಜಿ ನೋಡಿದ್ದೀರಲ್ಲ? ಮೇಲೆ ಕೆನೆ ಕಟ್ಟಿ ತಣ್ಣಗಾದ ಹಾಗೆ ಕಾಣುತ್ತದೆ. ಬೆರಳು ಅದ್ದಿದರೆ ಸುಡುತ್ತದೆ. ಉಪಗ್ರಹಕ್ಕೆ ಕಾಣುವುದು ಆ ಕೆನೆ. ಬೋಯಾದ ಕೇಬಲ್ 500 ಮೀಟರ್ ಆಳದವರೆಗೆ ಬೆರಳು ಅದ್ದುತ್ತದೆ. ಗಂಜಿಯ ಹಾಗಲ್ಲ, ಕಡಲಲ್ಲಿ ಆಳಕ್ಕೆ ಹೋದ ಹಾಗೆ ನೀರು ತಣ್ಣಗಾಗುತ್ತದೆ; ಮೇಲಿನ ಬಿಸಿ ಎಷ್ಟು ಆಳದವರೆಗೆ ಇಳಿದಿದೆಯೋ ಚಂಡಮಾರುತಕ್ಕೆ ಅಷ್ಟು ಬಲ. 2019ರ ಕೊನೆಯಲ್ಲಿ ಕ್ಯಾರ್ ಮತ್ತು ಮಹಾ, ಎರಡು ಚಂಡಮಾರುತ ಒಟ್ಟಿಗೆ ಅರಬ್ಬಿ ಸಮುದ್ರದಲ್ಲಿದ್ದವು. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದು ನಮ್ಮ ದಡದ ಮನೆ, ರಸ್ತೆ ಎಳೆದುಕೊಂಡು ಹೋಯಿತು. ನಮ್ಮ ಕಡಲು ಬಿಸಿಯಾಗುತ್ತಿದೆ. ಅಜ್ಜನ ಕಾಲದ ಲೆಕ್ಕ ಈಗ ಸಾಲುವುದಿಲ್ಲ. ಬೋಯಾ ಬೇಕು.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಹಡಗಿನ ಎಣ್ಣೆಯ ವಿಷಯ ಬೇಗ ಹೇಳಿಬಿಡುತ್ತೇನೆ. 2020ರ ಜನವರಿ 1ರಿಂದ ದೊಡ್ಡ ಹಡಗುಗಳ ಎಣ್ಣೆಯಲ್ಲಿ ಗಂಧಕ 3.5 ಶೇಕಡದ ಬದಲು 0.5 ಶೇಕಡ ಮೀರಬಾರದು ಅಂತ ಜಗತ್ತಿಗೆಲ್ಲ ನಿಯಮ ಬಂತು. ಬಂದರಿನ ಪಕ್ಕದ ಮನೆಯವರ ಎದೆಗೆ ಒಳ್ಳೆಯದು. ಹೊಗೆ ಕಮ್ಮಿಯಾದರೆ ಕಡಲ ಮೇಲಿನ ಮೋಡವೂ ಬದಲಾಗುತ್ತದೆ, ಅದು ಬೇರೆ ದಿನದ ಮಾತು. ಅದನ್ನು ಅಳೆಯಲಿಕ್ಕೂ ಕಡಲಲ್ಲಿ ಯಂತ್ರ ಇರಬೇಕು, ಅಲ್ವಾ?

ಸುರಕ್ಷತೆ ಬಗ್ಗೆ ಎರಡೇ ಮಾತು. ಲೈಫ್ ಜಾಕೆಟನ್ನು ತಲೆದಿಂಬು ಮಾಡಬೇಡಿ, ಹಾಕಿಕೊಳ್ಳಿ. ಕೋಸ್ಟ್ ಗಾರ್ಡ್ ನಂಬರ್ 1554, ಕ್ಯಾಬಿನ್ ಗೋಡೆಯಲ್ಲಿ ದೊಡ್ಡದಾಗಿ ಬರೆದಿಡಿ. ಹೊರಡುವ ಮುಂಚೆ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇಂಕಾಯ್ಸ್ ಕೊಡುವ ಅಲೆಯ ಮುನ್ಸೂಚನೆ ನೋಡಿ.

ಮತ್ತೆ, ಆ ಬೋಯಾ. ಎಲ್ಲಾದರೂ ಕಿತ್ತುಹೋಗಿ ತೇಲುವುದು ಕಂಡರೆ ಜಾಗ ಗುರುತು ಮಾಡಿಕೊಂಡು ಮೀನುಗಾರಿಕೆ ಇಲಾಖೆಗೋ ಕರಾವಳಿ ಪೊಲೀಸರಿಗೋ ಹೇಳಿ. ಗುಜರಿಗೆ ಹಾಕಬೇಡಿ. ನಮಸ್ಕಾರ.