65ಸಿ02 ಬೋರ್ಡಿಗೆ ಅಡ್ರೆಸ್ ಡಿಕೋಡಿಂಗ್: ಫೈ2 ಕ್ಲಾಕ್ ಎಲ್ಲಿ ಬೇಕು, ಎಲ್ಲಿ ಬೇಡ

ಎಲ್ಲರಿಗೂ ನಮಸ್ಕಾರ.

65ಸಿ02 ಪ್ರೊಸೆಸರಿಗೆ 16 ಅಡ್ರೆಸ್ ಲೈನು (ಎ0ದಿಂದ ಎ15), ಅಂದರೆ 64ಕೆ ವಿಳಾಸ. ಡೇಟಾ ಲೈನು ಮಾತ್ರ ಎಂಟೇ, ಅವೂ ಎಲ್ಲ ಚಿಪ್‌ಗಳಿಗೆ ಹಂಚಿದ್ದು. ಒಂದು ಹೊತ್ತಿಗೆ ಒಬ್ಬರೇ ಬಾಯಿ ತೆರೆಯಬೇಕು. ಇಬ್ಬರು ಒಟ್ಟಿಗೆ ತೆರೆದರೆ ಒಂದು ಚಿಪ್ ಲೈನನ್ನು 5 ವೋಲ್ಟಿಗೆ ಎಳೆಯುತ್ತದೆ, ಇನ್ನೊಂದು ಗ್ರೌಂಡಿಗೆ. ಎರಡೂ ಬಿಸಿಯಾಗುತ್ತವೆ, ಪ್ರೊಸೆಸರಿಗೆ ಸಿಗುವುದು ಕಸ. ಅಡ್ರೆಸ್ ನೋಡಿ ಯಾರ ಸರದಿ ಎಂದು ತೀರ್ಮಾನಿಸುವುದೇ ಡಿಕೋಡಿಂಗ್.

ಮೆಮೊರಿ ಮ್ಯಾಪನ್ನು ಮನಸ್ಸಿಗೆ ಬಂದಂತೆ ಬರೆಯುವ ಹಾಗಿಲ್ಲ. ವಿಳಾಸಗಳೆಲ್ಲ ಹೆಕ್ಸ್, ಅಂದರೆ 16ರ ಆಧಾರದ ಸಂಖ್ಯೆ. ಪ್ರೊಸೆಸರ್ ಬರೆದು ಓದುವ ಜೀರೋ ಪೇಜ್ (ಮೊದಲ 256 ಬೈಟ್) 0000ದಲ್ಲಿ, ಸ್ಟ್ಯಾಕ್ 0100ರಲ್ಲಿ ಇರುವುದರಿಂದ ಕೆಳಗೆ ರ‍್ಯಾಮ್ ಬೇಕೇ ಬೇಕು. ಪ್ರೋಗ್ರಾಮ್ ಎಲ್ಲಿಂದ ಶುರುವೆಂದು ಹೇಳುವ ರೀಸೆಟ್ ವೆಕ್ಟರ್ ತುದಿಯಲ್ಲಿ, ಎಫ್‌ಎಫ್‌ಎಫ್‌ಸಿ ಮತ್ತು ಎಫ್‌ಎಫ್‌ಎಫ್‌ಡಿಯಲ್ಲಿ ಇರುವುದರಿಂದ ಮೇಲೆ ರೋಮ್. ಜೆಡ್80 ಪ್ರೊಸೆಸರ್ ಇದಕ್ಕೆ ಉಲ್ಟಾ. ಅದು ರೀಸೆಟ್ ಆದ ಕೂಡಲೇ 0000ಕ್ಕೆ ಹೋಗುತ್ತದೆ. ಆ ಅಭ್ಯಾಸದಲ್ಲಿ ಬಂದವರು ಇದನ್ನು ನೆನಪಿಡಿ.

ಈಗ ತಂತಿ ಎಳೆಯೋಣ. ರ‍್ಯಾಮ್ 62256, 32ಕೆ. ಅದರ ಸಿಇ (ಚಿಪ್ ಎನೇಬಲ್), 20ನೇ ಪಿನ್, 0 ಆದಾಗ ಚಿಪ್ ಎಚ್ಚರಗೊಳ್ಳುತ್ತದೆ. ಎ15 ಸಹ ಕೆಳಗಿನ ಅರ್ಧದಲ್ಲಿ 0 ತಾನೇ? ಹಾಗಾದರೆ ಎ15 ಅನ್ನು ನೇರವಾಗಿ ಸಿಇಗೆ ಕೊಡಿ. ಗೇಟೇ ಬೇಡ.

ರೋಮ್‌ಗೆ 28ಸಿ256. 74ಎಚ್‌ಸಿ00ರ ಒಂದು ನ್ಯಾಂಡ್ ಗೇಟಿಗೆ (ಎರಡೂ ಇನ್‌ಪುಟ್ 1 ಆದಾಗ ಮಾತ್ರ ಔಟ್‌ಪುಟ್ 0) ಎ15, ಎ14 ಕೊಟ್ಟು, ಔಟ್‌ಪುಟ್ಟನ್ನು ರೋಮಿನ ಸಿಇಗೆ ಸೇರಿಸಿದರೆ ಸಿ000ದಿಂದ ಮೇಲಿನ 16ಕೆ ಅದಕ್ಕೆ ಸಿಗುತ್ತದೆ. ಚಿಪ್ 32ಕೆ ಇದ್ದರೂ ಬಳಕೆಯಾಗುವುದು ಅರ್ಧವೇ. ಎ14 ಅನ್ನು ಚಿಪ್ಪಿನ 1ನೇ ಪಿನ್ನಿಗೂ ಕೊಟ್ಟಿರುತ್ತೇವೆ, ರೋಮ್ ಎಚ್ಚರವಿದ್ದಾಗಲೆಲ್ಲ ಅದು 1. ಆದ್ದರಿಂದ ಪ್ರೋಗ್ರಾಮ್ ಕೂರಬೇಕಾದದ್ದು ಚಿಪ್ಪಿನ ಮೇಲಿನ ಅರ್ಧದಲ್ಲಿ, ಫೈಲಿನ 4000ದಿಂದ. 16ಕೆ ಫೈಲನ್ನು 0000ದಿಂದಲೇ ಬರೆದು, ಬೋರ್ಡ್ ಏಳಲಿಲ್ಲವೆಂದು ವೈರಿಂಗ್ ಕೀಳುವವರಿದ್ದಾರೆ; ತಪ್ಪು ವೈರಿನಲ್ಲಿ ಇರುವುದೇ ಇಲ್ಲ. ರೋಮಿನ 27ನೇ ಪಿನ್, ಡಬ್ಲ್ಯೂಇ (ರೈಟ್ ಎನೇಬಲ್, 0 ಆದರೆ ಬರೆಯುತ್ತದೆ), 5 ವೋಲ್ಟಿಗೆ ಕಟ್ಟಿ. ತೇಲಲು ಬಿಟ್ಟರೆ ಒಂದಲ್ಲ ಒಂದು ದಿನ ಒಳಗಿನ ಬೈಟ್ ಬದಲಾಗುತ್ತದೆ.

ಐ/ಓಗೆ, ಅಂದರೆ ಹೊರಗಿನೊಡನೆ ಮಾತಾಡುವ ಚಿಪ್‌ಗಳಿಗೆ, ಒಂದು 74ಎಚ್‌ಸಿ138: ಮೂರು ಇನ್‌ಪುಟ್ ನೋಡಿ ಎಂಟರಲ್ಲಿ ಒಂದು ಔಟ್‌ಪುಟ್ಟನ್ನು 0 ಮಾಡುವ ಡಿಕೋಡರ್. ಅದರ ಮೂರು ಎನೇಬಲ್‌ಗಳಲ್ಲಿ ಒಂದಕ್ಕೆ 1 ಬೇಕು, ಎರಡಕ್ಕೆ 0 ಬೇಕು. 6ನೇ ಪಿನ್ನಿಗೆ ಎ15, 4ಕ್ಕೆ ಎ14, 5ಕ್ಕೆ ಎ13. ಆಯ್ಕೆಯ 1, 2, 3ನೇ ಪಿನ್‌ಗಳಿಗೆ ಎ10, ಎ11, ಎ12. ಈಗ 8000ದಿಂದ 1ಕೆಯ ಎಂಟು ಕೋಣೆಗಳು ಸಿದ್ಧ. ಮೊದಲನೆಯದು, 15ನೇ ಪಿನ್, 65ಸಿ22 ವಿಐಎಯ (ಪೋರ್ಟ್, ಟೈಮರ್ ಇರುವ ಚಿಪ್) ಸಿಎಸ್2, ಅಂದರೆ ಚಿಪ್ ಸೆಲೆಕ್ಟ್ ಪಿನ್ನಿಗೆ; ಸಿಎಸ್1 ಅನ್ನು 5 ವೋಲ್ಟಿಗೆ ಕಟ್ಟಿ. ಎರಡನೆಯದು, 14ನೇ ಪಿನ್, 8400ರಲ್ಲಿ ಸೀರಿಯಲ್ ಚಿಪ್ಪಿಗೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 138 ಕೇಳುವಾಗ ಎಚ್‌ಸಿ ಎಂದು ಒತ್ತಿ ಹೇಳಿ. ಎಲ್‌ಎಸ್ ಎಂಬ ಇನ್ನೊಂದು ಬಗೆಯ ಚಿಪ್ 1 ಎಂದು ಖಾತ್ರಿ ಕೊಡುವುದು 2.7 ವೋಲ್ಟಿಗೆ, ನಮ್ಮ ಬೋರ್ಡಿನ ಸಿಮಾಸ್ ಚಿಪ್‌ಗಳ ಇನ್‌ಪುಟ್ ಕೇಳುವುದು 3.5.

ವಿಐಎಗೆ ಇರುವುದು 16 ರಿಜಿಸ್ಟರ್, ನಾವು ಕೊಟ್ಟದ್ದು 1024 ವಿಳಾಸ. ಅದು 64 ಸಲ ಮರುಕಳಿಸುತ್ತದೆ. ತೊಂದರೆಯಿಲ್ಲ, ಜಾಗ ಬೇಕಾದಷ್ಟಿದೆ. ಆದರೆ ಮಾನಿಟರ್ ಪ್ರೋಗ್ರಾಮಿನಿಂದ 8000ದ ಸುತ್ತ ಡಂಪ್ ತೆಗೆಯಬೇಡಿ, ಅಂದರೆ ವಿಳಾಸಗಳನ್ನು ಸಾಲಾಗಿ ಓದಿಸಬೇಡಿ: 8004 ಓದಿದರೆ ಟೈಮರ್ 1ರ ಇಂಟರಪ್ಟ್ ಫ್ಲ್ಯಾಗ್ ಅಳಿಸಿಹೋಗುತ್ತದೆ.

ಇಲ್ಲಿಯವರೆಗೆ ಕೂಡಿಸಿ ಕಳೆಯುವ ಲೆಕ್ಕ. ಬೋರ್ಡುಗಳು ಕೆಡುವುದು ಫೈ2 ಕ್ಲಾಕಿನಲ್ಲಿ, ಪ್ರೊಸೆಸರಿನ ಪ್ರತಿ ಹೆಜ್ಜೆಗೆ ತಾಳ ಹಾಕುವ ಸಿಗ್ನಲಿನಲ್ಲಿ.

ಫೈ2 ಕೆಳಗಿರುವಾಗ ಅಡ್ರೆಸ್ ಲೈನುಗಳು ಬದಲಾಗುತ್ತಿರುತ್ತವೆ. ಆ ಹೊತ್ತಿನಲ್ಲಿ ರ‍್ಯಾಮಿನ ಡಬ್ಲ್ಯೂಇ 0 ಇದ್ದರೆ ದಾರಿಯಲ್ಲಿ ಸಿಕ್ಕ ವಿಳಾಸಕ್ಕೆಲ್ಲ ಏನೋ ಬರೆದುಹೋಗುತ್ತದೆ. ಅದಕ್ಕೇ ಒಂದು ನ್ಯಾಂಡಿನಿಂದ ಪ್ರೊಸೆಸರಿನ ಆರ್/ಡಬ್ಲ್ಯೂ ಅನ್ನು (ಓದುವಾಗ 1, ಬರೆಯುವಾಗ 0) ತಿರುಗಿಸಿ, ಇನ್ನೊಂದು ನ್ಯಾಂಡಿನಲ್ಲಿ ಅದನ್ನು ಫೈ2 ಜೊತೆ ಸೇರಿಸಿ ಡಬ್ಲ್ಯೂಇ ಮಾಡಬೇಕು. ತಿರುಗಿಸಿದ ಅದೇ ಸಿಗ್ನಲ್ ರ‍್ಯಾಮ್, ರೋಮ್ ಎರಡರ ಓಇಗೂ (ಔಟ್‌ಪುಟ್ ಎನೇಬಲ್) ಸಾಕು, 22ನೇ ಪಿನ್. ಪ್ರೋಗ್ರಾಮ್ ತಪ್ಪಿ ಸಿ000ಕ್ಕೆ ಬರೆದರೂ ರೋಮ್ ಬಾಯಿ ಮುಚ್ಚಿಕೊಂಡಿರುತ್ತದೆ. ಉಳಿದ ನಾಲ್ಕನೇ ಗೇಟಿನ ಇನ್‌ಪುಟ್‌ಗಳನ್ನು ಗ್ರೌಂಡಿಗೆ ಕಟ್ಟಿ.

ವಿಐಎ ವಿಷಯದಲ್ಲಿ ಇದು ತಲೆಕೆಳಗು. ಫೈ2 ಏರುವ ಮೊದಲೇ ಅದರ ಸಿಎಸ್ ನೆಲೆಗೊಂಡಿರಬೇಕು. ಅದಕ್ಕೆ ತನ್ನದೇ ಫೈ2 ಪಿನ್ ಇದೆ, 25ನೆಯದು. ಎಲ್ಲವನ್ನೂ ಸುರಕ್ಷಿತ ಮಾಡುತ್ತೇನೆಂದು 138ರ ಎನೇಬಲಿಗೆ ಫೈ2 ಕೊಟ್ಟರೆ ಸಿಎಸ್ ತಡವಾಗಿ ಬರುತ್ತದೆ. ರ‍್ಯಾಮ್ ಸರಿ, ರೋಮ್ ಸರಿ, ಪೋರ್ಟ್ ಮಾತ್ರ ಒಮ್ಮೆ ಕೇಳುತ್ತದೆ, ಒಮ್ಮೆ ಇಲ್ಲ. ಇಂಥ ಲಕ್ಷಣ ಕಂಡರೆ ಮೊದಲು ಇಲ್ಲೇ ನೋಡಿ.

ರೋಮಿನ ಸಿಇಗೂ ಫೈ2 ಸೇರಿಸಬೇಡಿ. 4 ಮೆಗಾಹರ್ಟ್ಸ್‌ನಲ್ಲಿ ಒಂದು ಸೈಕಲ್ 250 ನ್ಯಾನೋಸೆಕೆಂಡ್. ಅಡ್ರೆಸ್ ಹೊರಬರಲು 30, ಡೇಟಾ ಮುಂಚಿತವಾಗಿ ಸಿದ್ಧವಿರಲು 10, ನಮ್ಮ ಗೇಟಿಗೆ ಸುಮಾರು 10 ಕಳೆದರೆ 200 ಉಳಿಯುತ್ತದೆ; 150 ನ್ಯಾನೋಸೆಕೆಂಡಿನ ರೋಮ್ ನಿರಾಳ. ಫೈ2 ಸೇರಿಸಿದರೆ ಸಿಗುವುದು ಅರ್ಧ ಸೈಕಲ್, 125. ಡೇಟಾ, ಗೇಟಿನ 20 ಕಳೆದರೆ 105, ಆ ರೋಮ್‌ಗೆ ಸಾಲದು. 1 ಮೆಗಾಹರ್ಟ್ಸ್‌ನಲ್ಲಿ ವರ್ಷಗಟ್ಟಲೆ ಓಡಿದ ಬೋರ್ಡ್ ಕ್ರಿಸ್ಟಲ್ ಬದಲಿಸಿದ ದಿನ ಸಾಯುವುದು ಹೀಗೆ.

ಪರೀಕ್ಷೆಗೆ ಮೆಮೊರಿ, ವಿಐಎ, ಸೀರಿಯಲ್ ಚಿಪ್ ಎಲ್ಲ ತೆಗೆದಿಟ್ಟು ಪ್ರೊಸೆಸರ್, 74ಎಚ್‌ಸಿ00, 138 ಮಾತ್ರ ಬಿಡಿ. ಪ್ರತಿ ಚಿಪ್ಪಿನ ಪಕ್ಕ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಡೇಟಾ ಲೈನುಗಳಿಗೆ ತಲಾ 1ಕೆ ರೆಸಿಸ್ಟರ್: ಡಿ0, ಡಿ2, ಡಿ4 ಗ್ರೌಂಡಿಗೆ, ಉಳಿದವು 5 ವೋಲ್ಟಿಗೆ. ಪ್ರೊಸೆಸರ್ ಎಲ್ಲೆಲ್ಲೂ ಏನೂ ಮಾಡದ ನೋಪ್ ಇನ್‌ಸ್ಟ್ರಕ್ಷನ್ನನ್ನೇ ಕಂಡು ವಿಳಾಸ ಏರಿಸುತ್ತಾ ಹೋಗುತ್ತದೆ, ಎರಡು ಸೈಕಲ್ಲಿಗೆ ಒಂದರಂತೆ. 1 ಮೆಗಾಹರ್ಟ್ಸ್‌ನಲ್ಲಿ ಎ15 ಸೆಕೆಂಡಿಗೆ ಏಳೂವರೆ ಸಲ ಮಿನುಗುತ್ತದೆ, ಕಣ್ಣಿಗೇ ಕಾಣುವಷ್ಟು ನಿಧಾನ. 5 ವೋಲ್ಟಿನಿಂದ 1ಕೆ ಮೂಲಕ ಒಂದು ಎಲ್‌ಇಡಿಯನ್ನು ಖಾಲಿ ಸಾಕೆಟ್‌ಗಳ ಸಿಇಗೆ ತಾಗಿಸಿ ನೋಡಿ: ರ‍್ಯಾಮಿನದ್ದು ಅರ್ಧ ಹೊತ್ತು ಉರಿಯಬೇಕು, ರೋಮಿನದ್ದು ಕಾಲು ಹೊತ್ತು. 138ರ 15ನೇ ಪಿನ್ ಪ್ರತಿ ಸುತ್ತಿಗೆ 2 ಮಿಲಿಸೆಕೆಂಡ್ ಮಾತ್ರ ಬೆಳಗುತ್ತದೆ. ಮಂಕಾಗಿ ಕಂಡರೆ ಗಾಬರಿ ಬೇಡ, ಲೈಟು ಆರಿಸಿ ನೋಡಿ.