ನಿಮಗಿರೋದು ಒಂದೇ ಸಂಜೆ, ಅದನ್ನ ಕಾರವಾರಕ್ಕೆ ಕೊಡಿ

ನಮಸ್ಕಾರ ಎಲ್ಲರಿಗೂ. ಇವತ್ತಿಗೆ ಬೇರೆ ವಿಷಯ ಇತ್ತು, ಅದು ಮುಂದಿನ ವಾರಕ್ಕೆ ಇರಲಿ. ಎಂತಕ್ಕೆ ಅಂದ್ರೆ ಒಂದು ಮೆಸೇಜ್ ಬಂದಿದೆ. ಇದ್ದ ಹಾಗೇ ಓದ್ತೇನೆ: "ಹುಡುಗಿ ಕಾರವಾರದಲ್ಲಿ ಕೆಲಸಕ್ಕಿದ್ದಾಳೆ, ನಾನು ಬೆಂಗಳೂರು. ಮೂರು ತಿಂಗಳ ಮೇಲೆ ಶನಿವಾರ ಭಾನುವಾರ ಬರ್ತಿದ್ದೇನೆ. ಗೋಕರ್ಣ, ಯಾಣ, ಮುರ್ಡೇಶ್ವರ, ಜೋಗ ನಾಲ್ಕೂ ಕವರ್ ಆಗೋ ಹಾಗೆ ಪ್ಲ್ಯಾನ್ ಹೇಳಿ."

ಕವರ್ ಆಗೋ ಹಾಗೆ! ತಮ್ಮಾ, ನೀನು ಬರ್ತಿರೋದು ಜಿಲ್ಲೆ ನೋಡೋಕೋ, ಅವಳನ್ನ ನೋಡೋಕೋ? ಆ ಪ್ಲ್ಯಾನ್ ನಾನು ಹೇಳೋದಿಲ್ಲ. ಕಾರವಾರ ಬಿಟ್ಟು ಹೊರಗೆ ಕಾಲಿಡಬೇಡ, ಇಷ್ಟೇ ನನ್ನ ಪ್ಲ್ಯಾನ್.

ಲೆಕ್ಕ ಹಾಕೋಣ. ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಶುಕ್ರವಾರ ಸಂಜೆ ಬೆಂಗಳೂರು ಬಿಟ್ಟು ಶನಿವಾರ ಬೆಳಿಗ್ಗೆ ಎಂಟೂವರೆ ಸುಮಾರಿಗೆ ಕಾರವಾರ. ವಾಪಸ್ ಗಾಡಿ ಭಾನುವಾರ ಸಂಜೆ ಆರರ ಸುಮಾರಿಗೆ. ಹೆಚ್ಚು ಕಡಿಮೆ 33 ತಾಸು. ನಿದ್ದೆ, ಸ್ನಾನ ತೆಗೆದರೆ 24 ಉಳಿಯಿತು. ಇನ್ನು ರಸ್ತೆ: ಗೋಕರ್ಣ 60 ಕಿಲೋಮೀಟರ್, ಮುರ್ಡೇಶ್ವರ 120ರ ಹತ್ತಿರ, ಜೋಗಕ್ಕೆ ಹೊನ್ನಾವರದ ಮೇಲೆ ಹೋದರೆ 150. ಗೇರುಸೊಪ್ಪೆ ದಾಟಿದ ಮೇಲೆ ಘಾಟಿ ತಿರುವು, ಅಭ್ಯಾಸ ಇಲ್ಲದವರಿಗೆ ಹೊಟ್ಟೆ ತೊಳಸ್ತದೆ. ಜೋಗ ಒಂದಕ್ಕೇ ಹೋಗಿ ಬರೋಕೆ ಎಂಟು ತಾಸು ಕಾರಿನ ಸೀಟು. ಮೂರು ತಿಂಗಳು ಕಾದು ಅವಳ ಪಕ್ಕದಲ್ಲಿ ಕೂತು ನೋಡೋದು ಎಂತದ್ದು? ಮುಂದಿನ ಲಾರಿಯ ಹಿಂಬದಿ!

ಯಾರೂ ಲೆಕ್ಕ ಹಾಕದ ಇನ್ನೊಂದು ಇದೆ. ಭಾನುವಾರ ಸೂರ್ಯ ಮುಳುಗೋ ಹೊತ್ತಿಗೆ ನೀನು ಶಿರವಾಡದಲ್ಲಿರೋ ಕಾರವಾರ ಸ್ಟೇಷನ್ನಿನಲ್ಲಿ ಬ್ಯಾಗ್ ಹಿಡಿದು ನಿಂತಿರ್ತೀಯ, ಇಲ್ಲಾ ಗಾಡಿಯ ಒಳಗೆ. ಹಾಗಾಗಿ ಪಡುವಣ ಕಡಲಿನ ಊರಿಗೆ ಬಂದೂ ನಿನ್ನ ಕೈಗೆ ಸಿಗೋದು ಶನಿವಾರದ ಒಂದೇ ಸಂಜೆ. ಅದನ್ನ ಹೊನ್ನಾವರದ ಟ್ರಾಫಿಕ್ಕಿನಲ್ಲಿ ಕಳೀತೀಯಾ?

"ಸರ್, ಕಾರವಾರದಲ್ಲಿ ನೋಡೋಕೆ ಎಂತ ಇದೆ" ಅಂತ ಕೇಳೋರು ಇದ್ದೇ ಇದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಚಾ ಕುಡಿದು ಗೋವಾ ಬಸ್ ಹತ್ತಿದವರ ಪ್ರಶ್ನೆ ಅದು. ರವೀಂದ್ರನಾಥ ಟ್ಯಾಗೋರ್ 1883ರಲ್ಲಿ, 22ರ ಹರೆಯದಲ್ಲಿ, ಇಲ್ಲಿ ಬಂದು ಉಳಿದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಡ್ಜ್. ಅಂದ್ರೆ ಅವರೂ ಕೆಲಸದ ಮೇಲೆ ಇಲ್ಲಿದ್ದ ತಮ್ಮವರ ಹತ್ತಿರ ಬಂದವರೇ. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ ಬಂದದ್ದನ್ನ ಬರೆದಿಟ್ಟಿದ್ದಾರೆ. ಊರಿನ ಬೀಚಿಗೆ ಅವರ ಹೆಸರೇ ಇದೆ.

ಸರಿ, ಶನಿವಾರ ಬೆಳಿಗ್ಗೆ. ಸ್ಟೇಷನ್ ಊರಿನೊಳಗಿಲ್ಲ, ಆಟೋ ಬೇಕೇ ಬೇಕು. ಬಂದಿಳಿದ ಆಟೋದವರ ನಂಬರ್ ಆಗಲೇ ತಗೊಂಡು ಭಾನುವಾರ ಸಂಜೆಗೆ ಹೇಳಿಡು. ಐದು ಗಂಟೆಗೇ ಊರು ಬಿಡಬೇಕು.

ರೂಮಿನ ವಿಷಯ ನೇರವಾಗಿ ಹೇಳ್ತೇನೆ. ಪ್ರಾಯ ತುಂಬಿದ ಇಬ್ಬರು ಮದುವೆಯಾಗದೆ ಒಂದು ರೂಮಿನಲ್ಲಿ ಉಳಿಯೋದನ್ನ ತಡೆಯೋ ಕಾನೂನು ಇಲ್ಲ. ಆದರೂ ಸ್ಥಳೀಯ ವಿಳಾಸದ ಗುರುತಿನ ಚೀಟಿ ನೋಡಿದ ಕೂಡಲೇ ರೂಮಿಲ್ಲ ಅನ್ನೋ ಲಾಡ್ಜುಗಳು ಇರ್ತವೆ. ಮೊದಲೇ ಫೋನ್ ಮಾಡಿ ಕೇಳಬೇಕು, ಇಬ್ಬರದ್ದೂ ಒರಿಜಿನಲ್ ಚೀಟಿ ಕೈಲಿರಬೇಕು. ಇದು ಸಣ್ಣ ಊರು, ಸೋಮವಾರ ಅದೇ ರಸ್ತೆಯಲ್ಲಿ ಕೆಲಸಕ್ಕೆ ಹೋಗಬೇಕಾದವಳು ಅವಳು. ಹಾಗಾಗಿ ಒಟ್ಟಿಗೆ ಉಳಿಯೋದಾ ಬೇಡವಾ ಅನ್ನೋದನ್ನ ಅವಳೇ ತೀರ್ಮಾನ ಮಾಡ್ಲಿ. ಬೇಡ ಅಂದ್ರೆ ಮುಖ ಸಣ್ಣ ಮಾಡಬೇಡ.

ಹತ್ತು ಗಂಟೆಗೆ ಮೀನು ಮಾರ್ಕೆಟ್. ಅವಳು ಯಾರ ಹತ್ತಿರ ತಗೊಳ್ತಾಳೋ ಅವರ ಹತ್ತಿರವೇ ಹೋಗಿ, ಚೌಕಾಸಿ ಅವಳೇ ಮಾಡ್ಲಿ. ನೀನು ಬಂಗ್ಡೆ ನೋಡು. ಕಿವಿರು ಎತ್ತಿದರೆ ಒಳಗೆ ರಕ್ತದ ಕೆಂಪು ಇರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಡು. ಕಣ್ಣು ಉಬ್ಬಿ ಹೊಳೀತಿರಬೇಕು. ಬೆರಳಲ್ಲಿ ಒತ್ತಿದರೆ ಮಾಂಸ ಮೇಲೆ ಪುಟೀಬೇಕು, ಗುಂಡಿ ಹಾಗೇ ಉಳಿದರೆ ಅದು ನಿನ್ನೆಯದು. ಬುಟ್ಟಿಯ ಹಿಂದೆ ಕೂತ ಅಮ್ಮ ನಿನ್ನನ್ನ ಮೇಲಿಂದ ಕೆಳಗೆ ನೋಡಿ, ಅವಳ ಹತ್ತಿರ "ಯಾರಿವ್ರು?" ಅಂತ ಕೇಳ್ತಾರೆ. ಅವಳು ಎಂತ ಉತ್ತರ ಕೊಡ್ತಾಳೆ ಕೇಳು! ಅದು ಮುರ್ಡೇಶ್ವರದಲ್ಲಿ ಸಿಗ್ತದಾ? ಜೋಗದಲ್ಲಿ ಸಿಗ್ತದಾ?

ಅವಳಿರೋದು ಪಿಜಿಯಲ್ಲಾದರೆ, ಅಡುಗೆಮನೆ ಇಲ್ಲದಿದ್ದರೆ, ಮೀನೂಟದ ಖಾನಾವಳಿಗೆ ಒಂದೂವರೆ ಒಳಗೆ ಹೋಗಿ. ತಡವಾದ್ರೆ ಒಳ್ಳೆ ಮೀನು ಖಾಲಿ. ನೋಗ್ಲಿ, ಅಂದ್ರೆ ಕಾಣೆ ಮೀನು, ಅದರ ಫ್ರೈ ಇದ್ದರೆ ಮೊದಲು ಅದನ್ನ ಹೇಳಿ, ತಿಸ್ರೆ (ಚಿಪ್ಪಿ) ಸುಕ್ಕ ಇದ್ದರೆ ಅದೂ ಬರಲಿ. ಕೊನೆಗೆ ಕುಡಿಯೋಕೆ ಸೋಲ್ಕಡಿ, ಕೋಕಂ ಅಂತಾರಲ್ಲ ಆ ಮುರುಗಲು ಮತ್ತೆ ತೆಂಗಿನಹಾಲಿನದ್ದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆ ಎರಡು ತಿಂಗಳು ಇಸ್ವಾಣದ, ಅಂದ್ರೆ ಅಂಜಲ್ ಮೀನಿನ, ಆಸೆ ಇಟ್ಟುಕೊಂಡು ಬರಬೇಡಿ. ಮೀನು ತಿನ್ನದ ಶಿರಸಿ ಕಡೆಯವರು ಬೇಜಾರು ಮಾಡ್ಕೋಬೇಡಿ, ನಿಮ್ಮ ಸಿಹಿತಿಂಡಿ ತೊಡದೇವಿನ ಮೇಲೆ ಪೂರಾ ಒಂದು ಎಪಿಸೋಡ್ ಮಾಡಿದ್ದೇವೆ, ಲಿಂಕ್ ಕೆಳಗಿದೆ. ಸಬ್‌ಸ್ಕ್ರೈಬ್ ಆಗದೆ ನೋಡ್ತಿರೋರು ಬಹಳ ಜನ ಇದ್ದೀರಿ, ಈಗಲೇ ಒತ್ತಿಬಿಡಿ.

ಸಂಜೆ. ಐದಕ್ಕೇ ಟ್ಯಾಗೋರ್ ಬೀಚಿಗೆ ಹೋಗಿ. ಅಲ್ಲಿ ಮ್ಯೂಸಿಯಂ ಮಾಡಿಟ್ಟ ಚಪಲ್ ಯುದ್ಧನೌಕೆ ನೋಡೋದಿದ್ದರೆ ಅರ್ಧ ತಾಸು ಸಾಕು. ಆಮೇಲೆ ಮರಳಿನ ಮೇಲೆ ಉತ್ತರಕ್ಕೆ, ಕಾಳಿ ಕಡಲು ಸೇರೋ ಕೋಡಿಬಾಗದ ಕಡೆ ನಡೀರಿ. ಮೊಬೈಲ್ ಒಳಗಿರಲಿ. ಅಳಿವೆಯ ಹತ್ತಿರ ನೀರಿಗೆ ಇಳಿಯಬೇಡಿ, ಹೊಳೆಯ ಸೆಳೆತ ಮೇಲಿಂದ ಕಾಣೋದಿಲ್ಲ. ಕತ್ತಲಾದ ಮೇಲೆ ಸಮುದ್ರದಲ್ಲಿ ದೀಪಸ್ತಂಭ ಮಿಣುಕ್ತದೆ. ಇಷ್ಟು ತಿಂಗಳು ಅವಳು ಫೋನಿನಲ್ಲಿ "ಬೀಚಿಗೆ ಬಂದಿದ್ದೇನೆ" ಅಂದಾಗಲೆಲ್ಲ ಕೂತಿದ್ದ ಜಾಗ ಒಂದು ಇರ್ತದೆ. ಎಲ್ಲಿ ಅಂತ ಕೇಳು. ಅಲ್ಲೇ ಕೂತ್ಕೊ.

ಭಾನುವಾರ ಬೆಳಿಗ್ಗೆ ಕಾಳಿ ಸೇತುವೆ ದಾಟಿ ಮಾಜಾಳಿ. 2024ರ ಆಗಸ್ಟಿನಲ್ಲಿ ಹಳೇ ಸೇತುವೆ ಕುಸಿದ ಮೇಲೆ ಗಾಡಿಗಳೆಲ್ಲ ಹೊಸ ಸೇತುವೆ ಮೇಲೇ, ಅದಕ್ಕೇ ಸ್ವಲ್ಪ ಬೇಗ ಹೊರಡಿ. ಮಾಜಾಳಿಯಿಂದ ಗುಡ್ಡ ಹತ್ತಿ ಇಳಿದರೆ ಕಪ್ಪು ಮರಳಿನ ತಿಳ್ಮಾತಿ ಬೀಚ್. ಕೊಂಕಣಿಯಲ್ಲಿ ತೀಳ್ ಅಂದ್ರೆ ಎಳ್ಳು. ಒಂದು ಮುಷ್ಟಿ ಮರಳು ಅಂಗೈ ಮೇಲೆ ಹರಡಿ ನೋಡಿ, ಕರಿ ಎಳ್ಳು ಚೆಲ್ಲಿದ ಹಾಗೇ, ಮಧ್ಯೆ ಅಲ್ಲೊಂದು ಇಲ್ಲೊಂದು ಬಿಳಿ ಕಾಳು. ಒದ್ದೆ ಕೈಗೆ ಹತ್ತಿದರೆ ಸುಲಭಕ್ಕೆ ಬಿಡೋದಿಲ್ಲ. ಇಳಿತದ ಹೊತ್ತಿಗೆ ಹೋಗಿ, ಭರತದಲ್ಲಿ ನಡೆಯೋಕೆ ಜಾಗ ಕಡಿಮೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ, ಅದನ್ನ ನೋಡ್ಕೊಂಡೇ ಹೊರಡಬೇಕು. ಅಂಗಡಿ ಇಲ್ಲ, ನೀರು ಒಯ್ಯಿರಿ. ಮಳೆಗಾಲದಲ್ಲಿ ಆ ಗುಡ್ಡ ಜಾರ್ತದೆ, ಬೇಡ.

"ಅವಳಿಗೇ ಊರು ಬೋರಾಗಿದೆಯಂತೆ, ಹೊರಗೆ ಕರ್ಕೊಂಡು ಹೋಗು ಅಂತಾಳೆ" ಅಂತೀಯಾ? ಒಬ್ಬಳೇ ಇರೋ ಊರು ಬೋರೇ ಆಗ್ತದಪ್ಪ! ನಾಳೆ ನೀನು ಹೋದ ಮೇಲೆ ಅವಳು ಇರಬೇಕಾದ್ದು ಇದೇ ಊರಲ್ಲಿ. ಆ ಮಾರ್ಕೆಟ್, ಆ ಕಡಲು, ಆ ಆಟೋ ಸ್ಟ್ಯಾಂಡ್, ಎಲ್ಲ ಕಡೆ ನೀನು ಒಂದು ಸಲ ಅವಳ ಜೊತೆ ನಡೆದಿರಬೇಕು. ಜೋಗದಲ್ಲಿ ನಡೆದರೆ ಅವಳಿಗೆ ಎಂತ ಉಳೀತು? ಜೋಗ ಎಲ್ಲೂ ಹೋಗೋದಿಲ್ಲ, ನೀರಿರೋ ಆಗಸ್ಟಿನಲ್ಲಿ ನಾಲ್ಕು ದಿನ ರಜೆ ಹಾಕಿ ಬಾ. ಈ ಸಲ ಬೇಡ. ಗೋಕರ್ಣವೂ ಬೇಡ. "ಹತ್ತಿರವೇ ಅಲ್ವಾ" ಅನ್ನಬೇಡ. ಬೇಡ ಅಂದ್ರೆ ಬೇಡ!

ಟಿಕೆಟ್ 60 ದಿನ ಮೊದಲು ಓಪನ್ ಆಗ್ತದೆ, ಶುಕ್ರವಾರದ್ದು ಬೇಗ ತುಂಬ್ತದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ಟೈಮ್ ಟೇಬಲ್ಲೇ ಬೇರೆ, ನೋಡ್ಕೊ. ಬುಕ್ ಮಾಡೋಕೆ ಮೊದಲು ಅವಳಿಗೆ ಒಂದು ಫೋನ್ ಮಾಡು. ಶನಿವಾರ ಸಂಜೆ ಡ್ಯೂಟಿ ಇದೆಯಾ ಅಂತ ಕೇಳು.