ಬೂಟ್ ಕೊಟ್ಟು ಹೋದ್ರೆ ಆಯ್ತಾ?

ನಮಸ್ಕಾರ. ಅಡಿಗೆಮನೆಲಿ ರೇಡಿಯೋ ಹಚ್ಚಿಟ್ಟು ಕೆಲಸ ಮಾಡ್ತಿರೋ ಅಕ್ಕಂದಿರಿಗೂ, ಶಾಲೆ ನೋಡ್ಕೊಳ್ಳೋ ಪಾಲಕರ ಸಮಿತಿ, ಅದೇ ಎಸ್‌ಡಿಎಂಸಿ ಮೀಟಿಂಗಿಗೆ ವರ್ಷಕ್ಕೊಂದ್ಸಲ ಹೋಗಿ ಸಹಿ ಹಾಕಿ ಬರೋ ಅಣ್ಣಂದಿರಿಗೂ. ಮೂವತ್ತು ವರ್ಷ ಪಿ.ಟಿ. ಮಾಸ್ತರಾಗಿ ಸೀಟಿ ಊದಿದವ ನಾನು, ಮೈಕ್ ರೂಢಿ ಇಲ್ಲ. ಬಡಮಕ್ಕಳಿಗೆ ಆಟದ ಅವಕಾಶ ಅಂತ ವಿಷಯ ಕೊಟ್ಟಿದಾರೆ. ನಂದು ಒಂದೇ ಮಾತು, ಶುರು ಮಾಡಿದ್ಮೇಲೆ ನಡುವೆ ಕೈ ಬಿಡ್ಬೇಡಿ.

ನಮ್ಮ ಉತ್ತರ ಕನ್ನಡದ ಸಿದ್ದಿಗಳನ್ನೇ ನೋಡಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಲ್ಲಿರೋ ಜನ, ಇವರ ಹಿರಿಯರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದೋರು. 80ರ ದಶಕದಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡ್ತಿದ್ದ ಕಾಲಕ್ಕೆ ಶುರುವಾದದ್ದು, ಸ್ಪೆಷಲ್ ಏರಿಯಾ ಗೇಮ್ಸ್ ಅಂತ ಸ್ಕೀಮು, ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನ ಆರಿಸಿ ಟ್ರೇನಿಂಗಿಗೆ ಕರ್ಕೊಂಡೋದ್ರು. ಆಫ್ರಿಕಾ ಮೂಲ ಅಂದ್ರೆ ಹುಟ್ಟಾ ಓಟಗಾರರು ಅನ್ನೋ ಲೆಕ್ಕ, ಅದು ನಂಗೆ ಯಾವತ್ತೂ ಸರಿ ಕಾಣ್ಲಿಲ್ಲ, ಇರ್ಲಿ. ಕೋಚ್ ಸಿಕ್ಕಿದ್ರು, ಹೊಟ್ಟೆ ತುಂಬ ಊಟ ಸಿಕ್ತು, ನ್ಯಾಷನಲ್ ಮೆಡಲ್ಲೂ ಬಂತು. 1993ಕ್ಕೆ ಸಿದ್ದಿ ಮಕ್ಕಳ ಟ್ರೇನಿಂಗ್ ನಿಲ್ಸೇಬಿಟ್ರು! ಅಡಿಕೆ ಸಸಿ ನೆಟ್ಟು ಇನ್ನೇನು ಹಿಂಗಾರ ಬಿಡ್ತದೆ ಅನ್ನೋವಾಗ ಕಡಿದ ಹಾಗೆ. ಅವರು ಎಸ್‌ಟಿ ಪಟ್ಟಿಗೆ ಸೇರಿದ್ದೇ 2003ರಲ್ಲಿ, ಅಲ್ಲಿವರೆಗೆ ಮನೆಗೆ ವಾಪಸ್ ಬಂದ ಹುಡುಗ್ರಿಗೆ ಮತ್ತದೇ ಕೂಲಿ.

ಒಂದು ಘಟನೆ ಹೇಳ್ತೇನೆ. ನಮ್ಮ ಶಾಲೇಲಿ ಏಳನೇ ಕ್ಲಾಸಿನ ಒಬ್ಳು ಸಿದ್ದಿ ಹುಡುಗಿ ಇದ್ಲು, ಇನ್ನೂರು ಮೀಟರಲ್ಲಿ ಗಂಡುಹುಡುಗ್ರನ್ನೂ ಹಿಂದೆ ಹಾಕೋಳು. ತಾಲೂಕು ಕ್ರೀಡಾಕೂಟಕ್ಕೆ ಎರಡು ವಾರ ಇರೋವಾಗ ಯಾರೋ ದಾನಿಗಳು ಬಂದ್ರು, ಬೂಟ್ ಹಂಚಿದ್ರು, ಫೋಟೋ ತೆಗೆದ್ರು, ಚಾ ಕುಡಿದು ಹೋದ್ರು. ಬೂಟೆಲ್ಲ ಒಂದೇ ಸೈಜು, ಏಳು! ಇವಳ ಕಾಲು ನಾಲ್ಕು. ನಮ್ಮ ಶಾಲೆ ಅಕ್ಕೋರು, ಅಂದ್ರೆ ಟೀಚರು, ಹಳೇ ಸೀರೆ ಹರಿದು ಮುಂದೆ ತುರುಕಿ ಕೊಟ್ರು. ಕೂಟದ ದಿನ ನಮ್ಮ ಕಡೆ ಮಳೆ ಗೊತ್ತಲ್ಲ, ಸುಣ್ಣದ ಗೆರೆ ತೊಳ್ಕೊಂಡು ಹೋಗಿ ಯಾವುದು ಯಾರ ಲೇನ್ ಅಂತ ಗೊತ್ತಾಗ್ತಿಲ್ಲ, ಬಟ್ಟೆ ನೀರು ಕುಡಿದು ಬೂಟು ಕಲ್ಲಾಗಿದೆ, ತಿರುವಲ್ಲಿ ಒಂದು ಬೂಟು ಕೆಸರಲ್ಲೇ ಕೂತ್ಕೊಂಡ್ತು. ಹುಡುಗಿ ನಿಂತ್ಲು, ಇನ್ನೊಂದನ್ನೂ ಕಿತ್ತು ಬದಿಗಿಟ್ಲು, ಎಸೀಲಿಲ್ಲ ನೋಡಿ, ನೀಟಾಗಿ ಇಟ್ಲು, ಆಮೇಲೆ ಓಡಿದ್ಲು. ಮೂರನೇ ಸ್ಥಾನ. ಮೊದಲಿನಿಬ್ಬರೇ ಜಿಲ್ಲೆಗೆ.

ಮುಂದಿನ ವರ್ಷಕ್ಕೆ ತಯಾರಿ ಮಾಡ್ಸುವ ಅಂತ ಮನೆಗೆ ಹೋದೆ, ಬೆಳಿಗ್ಗೆ ಆರಕ್ಕೆ ಕಳ್ಸಿ ಅಂದೆ. ಅವಳ ಅವ್ವ ಸೌದೆ ಕಟ್ಟು ಇಳಿಸಿ ಹೇಳಿದ್ದು, "ಮಾಸ್ತರೇ, ಓಡಿ ಬಂದ್ರೆ ಹಸಿವು ಜಾಸ್ತಿ ಆಗ್ತದೆ. ಆ ಹಸಿವಿಗೆ ಯಾರು ಹಾಕೋದು?" ನನ್ ಹತ್ರ ಉತ್ತರ ಇರ್ಲಿಲ್ಲ. ಮರುದಿನದಿಂದ ನಮ್ಮನೆಯವಳು ಎರಡು ಮೊಟ್ಟೆ ಬೇಯ್ಸಿ ಡಬ್ಬಿಗೆ ಹಾಕಿ ಕೊಡೋಕೆ ಶುರು ಮಾಡಿದ್ಲು. ಎಂಟು ತಿಂಗಳು ನಡೀತು. ಆಮೇಲೆ ನಂಗೆ ಟ್ರಾನ್ಸ್‌ಫರ್ ಆಯ್ತು, ಡಬ್ಬಿ ನಿಂತ್ತು, ಹುಡುಗಿ ಓಡೋದೂ ನಿಂತ್ತು. ಹಾಗಾಗಿ ಕೈ ಬಿಟ್ಟವರ ಲಿಸ್ಟಲ್ಲಿ ನಂದೂ ಹೆಸರಿದೆ.

ಹೆಣ್ಮಕ್ಕಳಿಗೆ ಬಟ್ಟೆ ಬದಲಿಸೋ ಜಾಗ, ಹಾಸ್ಟೆಲ್ ಸೆಲೆಕ್ಷನ್ನು, ಇವೆಲ್ಲ ಬರ್ಕೊಂಡು ಬಂದಿದ್ದೆ, ಗಾಜಿನ ಆಚೆ ಕೂತೋರು ಗಡಿಯಾರ ತೋರಿಸ್ತಿದಾರೆ. ಬಸ್ಸಿನ ವಿಷಯ ಮಾತ್ರ ಹೇಳಿಬಿಡ್ತೇನೆ. ಶಾಲೆ ಬಿಡೋದು ನಾಲ್ಕೂವರೆಗೆ, ಕಾಡೊಳಗಿನ ಊರಿಗೆ ಕೊನೇ ಬಸ್ಸು ನಾಲ್ಕೂ ನಲವತ್ತಕ್ಕೆ, ಪ್ರಾಕ್ಟೀಸ್ ಮಾಡ್ಸೋದು ಯಾವಾಗ? ಪಂಚಾಯ್ತಿ ಮೆಂಬರುಗಳು ಕೇಳ್ತಿದ್ರೆ ನಾಳೆ ಡಿಪೋಗೆ ಹೋಗಿ ಒಂದು ಅರ್ಜಿ ಕೊಡಿ, ಒಂದು ತಾಸು ತಡವಾಗಿ ಬಿಡ್ಲಿ ಸಾಕು. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ಕೇಳಿ. ನಮಸ್ಕಾರ.